ಹೊಳೆಗೆ ಎದುರಾಗಿ: ಹೆಲ್ಸ್ ಕ್ಯಾನಿಯನ್‌ನಲ್ಲಿ ನಾನು ಬೋಟು ಕಲಿತದ್ದು

ಅಮೆರಿಕದ ಐಡಹೋ ಮತ್ತು ಒರೆಗಾನ್ ರಾಜ್ಯಗಳ ಗಡಿಯಲ್ಲಿ ಸ್ನೇಕ್ ನದಿ ಕೊರೆದಿರುವ ಕಮರಿಯೇ ಹೆಲ್ಸ್ ಕ್ಯಾನಿಯನ್. ಆಳ 7,993 ಅಡಿ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ಆಳದ ನದಿ ಕಮರಿ ಇನ್ನೊಂದಿಲ್ಲ. ರಬ್ಬರ್ ರಾಫ್ಟಿನಲ್ಲಿ ನೀರಿನ ಜೊತೆ ಇಳಿದು ಬರುವವರೇ ಇಲ್ಲಿ ಜಾಸ್ತಿ. ಆದರೆ ಕೆಳಗಿರುವ ಲೂಯಿಸ್ಟನ್ ಊರಿನವರಿಗೆ ಈ ನದಿ ಮೇಲಕ್ಕೆ ಹೋಗುವ ದಾರಿ. ಕಮರಿಯ ಉದ್ದಕ್ಕೂ ಸಾಗುವ ರಸ್ತೆ ಇಲ್ಲ. ಹಾಗಾಗಿ ನೂರು ವರ್ಷಕ್ಕೂ ಹಿಂದೆಯೇ ಪೆಟ್ರೋಲ್ ಇಂಜಿನ್ನಿನ ಅಂಚೆ ಬೋಟುಗಳು ಇಲ್ಲಿ ಓಡುತ್ತಿದ್ದವು. ದಡದ ಕುರಿ ಸಾಕಣೆಯವರಿಗೆ ಕಾಗದ, ಹಿಟ್ಟು, ಸಕ್ಕರೆ ಮೇಲಕ್ಕೆ ಹೋಗುತ್ತಿತ್ತು. ಬರುವಾಗ ಉಣ್ಣೆ.

ಕೆಲಸಕ್ಕೆಂದು ಲೂಯಿಸ್ಟನ್‌ಗೆ ಬಂದ ನನಗೆ ಆ ದಾರಿಯ ಹುಚ್ಚು ಹಿಡಿಯಿತು. ಕಲಿಸಿದವರು ನಿವೃತ್ತರಾದ ಒಬ್ಬ ಬೋಟಿನವರು. ನಾನು ಅವರನ್ನು ಕ್ಯಾಪ್ಟನ್ ಅನ್ನುತ್ತೇನೆ. ಅವರು ನನ್ನನ್ನು ಹುಡುಗ ಅನ್ನುತ್ತಾರೆ. ನನಗೆ ನಲವತ್ತು ದಾಟಿದೆ, ಇರಲಿ.

ನಾನು ನೀರು ಚಿಮ್ಮಿ ಓಡುವ ಜೆಟ್ ಬೋಟು ಕೇಳಿದೆ. ಅವರು ಕೊಟ್ಟದ್ದು ಚಪ್ಪಟೆ ತಳದ ಹಳೇ ಬೋಟು, ಹಿಂದೆ ಸಣ್ಣ ಪ್ರೊಪೆಲ್ಲರ್ ಮೋಟಾರು. "ಶಕ್ತಿ ಕಮ್ಮಿ ಇದ್ದರೆ ಕಣ್ಣು ಚುರುಕಾಗುತ್ತದೆ" ಅಂದರು. ಹೆಲ್ಲರ್ ಬಾರ್ ಎಂಬ ದಡದ ಹತ್ತಿರ ಬೋಟು ಇಳಿಸಿ, ಸಾಲ್ಮನ್ ನದಿ ಬಂದು ಸೇರುವ ಜಾಗದ ಕಡೆಗೆ ಹೊರಟೆವು.

ನೀರು ಬಂಡೆಗಳ ನಡುವೆ ನುಗ್ಗುವಾಗ ಮಧ್ಯದಲ್ಲಿ ನುಣುಪಾದ, ಕಡುಹಸಿರು ನಾಲಿಗೆಯೊಂದು ಕಾಣುತ್ತದೆ. ಆಳ ಇರುವುದು ಅಲ್ಲೇ, ಸೆಳವು ಜಾಸ್ತಿ ಇರುವುದೂ ಅಲ್ಲೇ. ಇಳಿಯುವವರಿಗೆ ಅದು ಹೆದ್ದಾರಿ. ಏರುವವರಿಗೆ ಅಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ದಡದ ಕಲ್ಲು ಹಿಂದಕ್ಕೆ ಸರಿಯುವುದಿಲ್ಲ. ಇಂಜಿನ್ ಅರಚುತ್ತದೆ, ಬೋಟು ನಿಂತಲ್ಲೇ ನಿಂತಿರುತ್ತದೆ. ಅದಕ್ಕೇ ಪಕ್ಕಕ್ಕೆ ನೋಡಬೇಕು. ದೊಡ್ಡ ಬಂಡೆಯ ಹಿಂದೆ, ಹೊಳೆ ಇಳಿಯುವ ಕಡೆಗೆ, ನೀರು ತಿರುಗಿ ಮೇಲಕ್ಕೇ ಹರಿಯುತ್ತಿರುತ್ತದೆ. ಇದಕ್ಕೆ ಎಡ್ಡಿ ಅನ್ನುತ್ತಾರೆ. ಅದರೊಳಗೆ ಸೇರಿಕೊಂಡರೆ ನದಿಯೇ ನಿಮ್ಮನ್ನು ಬಂಡೆಯ ಬುಡದವರೆಗೆ ಪುಕ್ಕಟೆ ಕರೆದುಕೊಂಡು ಹೋಗುತ್ತದೆ.

ಕಷ್ಟ ಇರುವುದು ಎಡ್ಡಿಯಿಂದ ಹೊರಗೆ ಬರುವಾಗ. ಮೇಲಕ್ಕೆ ಹರಿಯುವ ನೀರಿಗೂ ಕೆಳಕ್ಕೆ ಹರಿಯುವ ನೀರಿಗೂ ನಡುವೆ ಒಂದು ಗೆರೆ ಇರುತ್ತದೆ. ಸಣ್ಣ ಸಣ್ಣ ಸುಳಿಗಳು, ಬಿಳಿ ನೊರೆ, ಕಡ್ಡಿ ಕಸ ಎಲ್ಲ ಅಲ್ಲೇ ಗಿರಗಿರ ತಿರುಗುತ್ತಿರುತ್ತವೆ. ಮೂತಿಯನ್ನು ಹೆಚ್ಚುಕಮ್ಮಿ ಪ್ರವಾಹಕ್ಕೆ ನೇರವಾಗಿಟ್ಟು, ಒಂಚೂರು ಮಾತ್ರ ಓರೆ ಮಾಡಿ ಆ ಗೆರೆ ದಾಟಬೇಕು. ಓರೆ ಜಾಸ್ತಿ ಆಯಿತೋ, ಸೆಳವು ಮೂತಿಯನ್ನು ಹಿಡಿದು ಬೋಟನ್ನು ಅಡ್ಡ ತಿರುಗಿಸುತ್ತದೆ. ಆಮೇಲೆ ನೀವು ಪ್ರಯಾಣಿಕ ಅಷ್ಟೇ. ದಾಟಿದ ತಕ್ಷಣ ಆಚೆ ದಡದ ಎಡ್ಡಿ ಹುಡುಕಬೇಕು. ಹೀಗೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ.

ಹೀಗೆ ಏರಲು ಆಗದ ಕಡೆ ಹಳಬರು ಹಗ್ಗ ಹಾಕುತ್ತಿದ್ದರು. ಮೌಂಟನ್ ಶೀಪ್ ರಾಪಿಡ್‌ನಲ್ಲಿ (ರಾಪಿಡ್ ಅಂದರೆ ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗ) ಬಂಡೆಗೆ ಕಬ್ಬಿಣದ ಬಳೆ ಬಡಿದಿದ್ದರು. ಅದಕ್ಕೆ ಹಗ್ಗ ಕಟ್ಟಿ ದೋಣಿ ತನ್ನನ್ನು ತಾನೇ ಎಳೆದುಕೊಳ್ಳುತ್ತಿತ್ತು. ಪೆಟ್ರೋಲ್ ಬೋಟುಗಳಿಗೂ ಮುಂಚೆ ಇಮ್ನಾಹ ಎಂಬ ಉಗಿದೋಣಿ ಇಲ್ಲಿನ ಗಣಿಗೆ ಸಾಮಾನು ಒಯ್ಯುತ್ತಿತ್ತು. 1903ರಲ್ಲಿ ಇದೇ ರಾಪಿಡ್‌ನಲ್ಲಿ ಅದರ ಇಂಜಿನ್ನು ಕೈಕೊಟ್ಟಿತು. ದೋಣಿ ಹಿಂದಕ್ಕೆ ಕೊಚ್ಚಿಹೋಗಿ ಬಂಡೆಗೆ ಸಿಕ್ಕಿ ಮುರಿಯಿತು. ಅಲ್ಲಿ ನೀರು ಎಷ್ಟು ಇಕ್ಕಟ್ಟಾಗಿ ನುಗ್ಗುತ್ತದೆ ಅಂತ ನೋಡಿದ ಮೇಲೆ ಆಶ್ಚರ್ಯವೇನೂ ಆಗಲಿಲ್ಲ. ನನ್ನ ಸಣ್ಣ ಮೋಟಾರಿನ ಪಾಠ ಅಲ್ಲಿಗೇ ಮುಗಿಯಿತು. ಕ್ಯಾಪ್ಟನ್ ಸುಮ್ನೆ ಕೈ ಸನ್ನೆ ಮಾಡಿ ಬೋಟು ತಿರುಗಿಸಿ ಅಂದರು.

ಅದಕ್ಕೂ ಮೇಲೆ ಹೋದದ್ದು ಜೆಟ್‌ನಲ್ಲಿ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ರೂಪಿಸಿದ ಏರ್ಪಾಟು ಇದು. ಪಂಪು ತಳದಿಂದ ನೀರು ಹೀರಿ ಹಿಂದಕ್ಕೆ ಜೋರಾಗಿ ಚಿಮ್ಮುತ್ತದೆ. ಬಂಡೆಗೆ ಬಡಿಯಲು ಕೆಳಗೆ ಪ್ರೊಪೆಲ್ಲರೇ ಇಲ್ಲ. 1960ರಲ್ಲಿ ಇಂಥ ಬೋಟುಗಳು ಕೊಲರಾಡೋ ನದಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಅನ್ನೇ ಕೆಳಗಿನಿಂದ ಮೇಲಕ್ಕೆ ಏರಿದವು.

ಆದರೆ ಪ್ರೊಪೆಲ್ಲರಿನಲ್ಲಿ ಕಲಿತ ಕೈಗೆ ಜೆಟ್ ಒಗ್ಗಲು ಸಮಯ ಬೇಕು. ಚಿಮ್ಮುವ ನೀರನ್ನು ತಿರುಗಿಸಿದರೆ ಮಾತ್ರ ಬೋಟು ತಿರುಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಚುಕ್ಕಾಣಿಯೂ ಹೋಯಿತು. ಭಯ ಆದಾಗ ಕೈ ತಾನಾಗಿ ವೇಗ ಇಳಿಸುತ್ತದೆ ಅಲ್ವಾ? ಇಲ್ಲಿ ಭಯ ಆದಾಗ ಇನ್ನಷ್ಟು ಕೊಡಬೇಕು. ಇದನ್ನು ಶಾಂತ ಮಡುವಿನಲ್ಲಿ ಸಾಕೆನ್ನಿಸುವಷ್ಟು ಅಭ್ಯಾಸ ಮಾಡಿಸಿ, ಆಮೇಲೆ ಕ್ಯಾಪ್ಟನ್ ನನ್ನನ್ನು ಇನ್ನೂ ಮೇಲಿರುವ ಪಿಟ್ಸ್‌ಬರ್ಗ್ ಲ್ಯಾಂಡಿಂಗ್ ಎಂಬ ಜಾಗ ದಾಟಲು ಬಿಟ್ಟರು. ಜೆಟ್‌ಗೆ ಇನ್ನೊಂದು ಕಾಟ ಜಲ್ಲಿಕಲ್ಲು. ತೆಳು ನೀರಿನಲ್ಲಿ ನಿಧಾನ ಮಾಡಿದರೆ ಪಂಪಿನ ಜಾಲರಿಗೆ ಕಲ್ಲು ಅಂಟಿಕೊಳ್ಳುತ್ತದೆ. ಇಂಜಿನ್ ಸದ್ದು ಒಮ್ಮೆಲೇ ತೆಳ್ಳಗಾಗಿ ಕಿರುಚುತ್ತದೆ, ಬೋಟಿನ ತಳ್ಳು ಕಮ್ಮಿ ಆಗುತ್ತದೆ. ಆ ಸದ್ದು ಕೇಳಿದರೆ ಎಡ್ಡಿಗೆ ಓಡಿ ಜಾಲರಿ ಬಿಡಿಸಬೇಕು.

ರಷ್ ಕ್ರೀಕ್ ರಾಪಿಡ್ ಏರಿದ ದಿನ ನನಗೆ ಖುಷಿ ಕೊಟ್ಟದ್ದು ಜೆಟ್‌ನ ಜೋರಲ್ಲ. ಹಳೇ ಬೋಟಿನಲ್ಲಿ ಕಲಿತ ದಾರಿಯಲ್ಲೇ, ಎಡ್ಡಿಯಿಂದ ಎಡ್ಡಿಗೆ ಹೋದೆ. ಅರ್ಧ ಶಕ್ತಿ ಕೈಯಲ್ಲಿ ಉಳಿದಿತ್ತು.

ಮೇಲೆ 1967ರಲ್ಲಿ ಮುಗಿದ ಹೆಲ್ಸ್ ಕ್ಯಾನಿಯನ್ ಅಣೆಕಟ್ಟು ಇದೆ. ವಿದ್ಯುತ್ ಬೇಕಾದಂತೆ ನೀರು ಬಿಡುತ್ತಾರೆ, ನಿಲ್ಲಿಸುತ್ತಾರೆ. ಸಂಜೆ ಕಂಡ ಬಂಡೆ ಬೆಳಿಗ್ಗೆ ಮುಳುಗಿರಬಹುದು. ರಾತ್ರಿ ನೀರು ಇಳಿದರೆ ದಡಕ್ಕೆ ಕಟ್ಟಿದ ಬೋಟು ಕಲ್ಲಿನ ಮೇಲೆ ಕೂತುಬಿಡುತ್ತದೆ. ಅಲ್ಯೂಮಿನಿಯಂ ಬೋಟನ್ನು ಕೈಯಲ್ಲಿ ತಳ್ಳುವ ಆಟ ಯಾರಿಗೂ ಬೇಡ. ಅದಕ್ಕೇ ದಡದ ಕರ್ಕ್‌ವುಡ್ ಎಂಬ ಜಾಗದ ಹತ್ತಿರ ತಂಗಿದರೆ ನಾನು ಉದ್ದ ಹಗ್ಗದಲ್ಲಿ ಬೋಟನ್ನು ಆಳದ ಕಡೆಗೆ ಬಿಟ್ಟು ಕಟ್ಟುತ್ತೇನೆ. ಮಧ್ಯರಾತ್ರಿ ಎದ್ದು ಟಾರ್ಚ್ ಹಾಕಿ ನೋಡುತ್ತೇನೆ. ಕ್ಯಾಪ್ಟನ್ನಿಗೆ ಟೆಂಟೂ ಬೇಡ, ಟಾರ್ಚೂ ಬೇಡ. ಬೋಟಿನಲ್ಲೇ ಮಲಗುತ್ತಾರೆ. ಬೋಟು ವಾಲಿದರೆ ಎಚ್ಚರ ಆಗುತ್ತದಂತೆ.