ಕೊನೆ ಕೊಯ್ಲಿಗೊಂದು ಪಟ್ಟಿ, ತಾಳಗುಪ್ಪ ರೈಲಿಗೊಂದು ಪಟ್ಟಿ

ಪ್ಲೇಲಿಸ್ಟ್ ಮಾಡೋದರಲ್ಲಿ ಏನು ಮಹಾ, ಇಷ್ಟವಾದ ಹಾಡನ್ನೆಲ್ಲ ಒಂದು ಕಡೆ ಹಾಕಿದರಾಯ್ತು ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಗುಡ್ಡೆ, ಪಟ್ಟಿ ಅಲ್ಲ. ಯಾರು ಕೇಳುತ್ತಾರೆ, ಎಲ್ಲಿ ಕೂತು ಕೇಳುತ್ತಾರೆ, ಆಗ ಅವರ ಕೈಯಲ್ಲಿ ಏನು ಕೆಲಸ ಇರುತ್ತದೆ ಅಂತ ಮೊದಲು ಯೋಚಿಸಬೇಕು. ಹಾಡು ಹುಡುಕುವುದು ಆಮೇಲೆ. ಆ್ಯಪ್ ತಾನಾಗಿಯೇ ಕೊಡುವ ಪಟ್ಟಿಗೆ ಇದು ಯಾವುದೂ ಗೊತ್ತಿಲ್ಲ. ನಾನು ಹಿಂದೆ ಏನು ಕೇಳಿದ್ದೆ ಅನ್ನೋದಷ್ಟೇ ಅದಕ್ಕೆ ಗೊತ್ತು.

ನನ್ನ ಕೆಲಸ ಶಿವಮೊಗ್ಗದಲ್ಲಿ, ಮನೆ ಸಾಗರ ತಾಲ್ಲೂಕಿನ ಹಳ್ಳಿಯಲ್ಲಿ. ಊರಲ್ಲಿ ನೆಟ್‌ವರ್ಕ್ ಸಿಗುವುದು ತೋಟದ ದಣಪೆ, ಅಂದರೆ ಬೇಲಿ ಬಾಗಿಲಿನ ಹತ್ತಿರ ಮಾತ್ರ. ಅದೂ ಕರೆಂಟು ಇದ್ದರೆ. ಹಾಗಾಗಿ ಎಲ್ಲವನ್ನೂ ಶಿವಮೊಗ್ಗದಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗುತ್ತೇನೆ. 320 ಕೆಬಿಪಿಎಸ್ ಗುಣಮಟ್ಟದಲ್ಲಿ ನಾಲ್ಕು ನಿಮಿಷದ ಹಾಡು ಸುಮಾರು 10 ಎಂಬಿ ತಿನ್ನುತ್ತದೆ, 96ರಲ್ಲಾದರೆ 3 ಎಂಬಿ ಒಳಗೆ. ಹೆಡ್‌ಫೋನಲ್ಲಿ ಕೇಳುವ ಪಟ್ಟಿಯನ್ನು ಮಾತ್ರ ದೊಡ್ಡ ಗುಣಮಟ್ಟದಲ್ಲಿ ಇಳಿಸಿಕೊಳ್ಳಿ. ಅಂಗಳದಲ್ಲಿ ಇಡುವ ಸಣ್ಣ ಸ್ಪೀಕರಿಗೆ ಮಧ್ಯಮ ಸಾಕು, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ. ಸ್ಪಾಟಿಫೈನಲ್ಲಿ ಇಳಿಸಿಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನದೊಳಗೆ ಒಮ್ಮೆಯಾದರೂ ಫೋನು ನೆಟ್ ನೋಡಬೇಕು. ಮನೆಯ ಹಳೇ ಫೋನನ್ನು ಹಾಡಿಗೆಂದೇ ಇಟ್ಟುಕೊಂಡವರು ತಿಂಗಳಿಗೊಮ್ಮೆ ಅದನ್ನು ದಣಪೆವರೆಗೆ ವಾಕಿಂಗ್ ಕರೆದುಕೊಂಡು ಹೋಗಿ.

ಹೊಸ ಹಾಡುಗಳ ಹುಚ್ಚು ನನಗೆ ಜಾಸ್ತಿ. 2015ರ ಜುಲೈಯಿಂದ ಪ್ರಪಂಚದ ಹೆಚ್ಚಿನ ಕಡೆ ಹೊಸ ಆಲ್ಬಂ ಬರುವ ದಿನ ಶುಕ್ರವಾರ. ನಮ್ಮ ಸಿನಿಮಾಗಳಿಗೂ ಶುಕ್ರವಾರವೇ ಅಲ್ವಾ. ಆದರೆ ಕನ್ನಡ ಸಿನಿಮಾ ಹಾಡುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲು ಒಂದು ಹಾಡಿನ ಲಿರಿಕಲ್ ವಿಡಿಯೋ, ಹದಿನೈದು ದಿನ ಬಿಟ್ಟು ಇನ್ನೊಂದು, ಕೆಲವೊಮ್ಮೆ ನಾಯಕನ ಹುಟ್ಟುಹಬ್ಬಕ್ಕೆ ಮತ್ತೊಂದು, ಕೊನೆಗೆ ಸಿನಿಮಾ ಬಂದು ಹೋದ ಮೇಲೆ ಹಿನ್ನೆಲೆ ಸಂಗೀತ. ಹಾಗಾಗಿ ಆಡಿಯೋ ಕಂಪನಿಗಳ ಯೂಟ್ಯೂಬ್ ಚಾನೆಲ್ಲಿನ ಗಂಟೆ ಗುರುತು ಒತ್ತಿಟ್ಟಿದ್ದೇನೆ, ಸ್ವತಂತ್ರವಾಗಿ ಹಾಡು ಮಾಡುವವರನ್ನು ಆ್ಯಪ್‌ನಲ್ಲೇ ಫಾಲೋ ಮಾಡುತ್ತೇನೆ. ಬಂದಿದ್ದೆಲ್ಲ ಮೊದಲು 'ಪಡಸಾಲೆ' ಅನ್ನೋ ಪಟ್ಟಿಗೆ ಹೋಗುತ್ತದೆ. ಅಲ್ಲಿ ಒಂದು ವಾರ ಕೂತಿರಬೇಕು. ವಾರದ ನಂತರ ಹಾಡಿನ ಹೆಸರು ನೋಡಿದ ಕೂಡಲೇ ರಾಗ ನೆನಪಾದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಬಿಡುಗಡೆಯಾದ ದಿನವೇ ಎಷ್ಟು ಲಕ್ಷ ಜನ ನೋಡಿದರು ಅಂತ ಎಣಿಸುವ ಅಭಿಮಾನ ನನಗೆ ಅರ್ಥವಾಗುವುದಿಲ್ಲ. ಅದು ಹಾಡಿನ ಲೆಕ್ಕ ಅಲ್ಲ, ಜಗಳದ ಲೆಕ್ಕ.

ಈಗ ಅಡಿಕೆ ಪಟ್ಟಿಗೆ ಬರುತ್ತೇನೆ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾದರೆ ಸಂಜೆ ಮೇಲೆ ನಮ್ಮನೆ ಅಂಗಳದಲ್ಲಿ ಸುಲಿಯುವವರು ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಯಂತ್ರ ಬಂದಿದ್ದರೂ ನಮ್ಮಲ್ಲಿ ಇನ್ನೂ ಕೈ ಸುಲಿತವೇ ಹೆಚ್ಚು. ಅಳತೆ ಲೆಕ್ಕದ ಕೂಲಿ, ಹಾಗಾಗಿ ಯಾರಿಗೂ ಕೈ ನಿಲ್ಲಿಸುವ ಮನಸ್ಸಿಲ್ಲ. ಮೊದಲೆಲ್ಲ ಆಕಾಶವಾಣಿ ಭದ್ರಾವತಿ ಇತ್ತು, ಈಗ ನನ್ನ ಸ್ಪೀಕರ್. ಇವರಿಗೆ ಹಾಡು ಹಾಕುವುದು ಕಾಲೇಜು ಹುಡುಗರಿಗೆ ಹಾಕಿದಷ್ಟು ಸುಲಭ ಅಲ್ಲ. ಇಷ್ಟವಾಗದಿದ್ದರೆ ಬಾಯಿಬಿಟ್ಟು ಹೇಳುವುದಿಲ್ಲ, ಮಾತು ಶುರು ಮಾಡಿಬಿಡುತ್ತಾರೆ. ಮಾತು ಜೋರಾದರೆ ಹಾಡು ಬಿದ್ದುಹೋಯಿತು ಅಂತ ತಿಳಿಯಬೇಕು.

ಅಲ್ಲಿ ಕೂತು ನೋಡಿ ನೋಡಿ ಕೆಲವು ವಿಷಯ ಕಂಡುಕೊಂಡೆ. ಶುರುವಿನ ಒಂದು ಗಂಟೆ ಊರಿನ ಸುದ್ದಿ ಮಾತಾಡುವ ಹೊತ್ತು. ಆಗ ಸಾಹಿತ್ಯ ಕೇಳಿಸಿಕೊಳ್ಳಬೇಕಾದ ಭಾವಗೀತೆ ಹಾಕಿದರೆ ದಂಡ. ಎಲ್ಲರಿಗೂ ಬಾಯಿಪಾಠ ಇರುವ ಹಳೇ ಚಿತ್ರಗೀತೆ ಹಾಕಬೇಕು, ಅವು ಮಾತಿನ ಅಡಿಯಲ್ಲೇ ಹರಿದುಕೊಂಡು ಹೋಗುತ್ತವೆ. ಕಾಫಿ ಬಂದು ಹೋದ ಮೇಲೆ ಮಾತು ತಾನಾಗಿ ಇಳಿಯುತ್ತದೆ. ಅದು ಯಕ್ಷಗಾನ ಭಾಗವತಿಕೆಯ ಹೊತ್ತು. ಕಾಳಿಂಗ ನಾವಡರು ತೀರಿಕೊಂಡಿದ್ದು 1990ರಲ್ಲಿ, ಆಗ ಹುಟ್ಟೇ ಇರದವರೂ ಅವರ ಪದ್ಯ ಬಂದರೆ 'ಸ್ವಲ್ಪ ದೊಡ್ಡದು ಮಾಡ' ಅನ್ನುತ್ತಾರೆ. ಕ್ಯಾಸೆಟ್‌ನಿಂದ ಇಳಿಸಿದ ಹಳೇ ಧ್ವನಿ ಅದು, ಸಣ್ಣಗೆ ಕೇಳುತ್ತದೆ, ಅದರ ಬೆನ್ನಿಗೇ ಈಗಿನ ಸಿನಿಮಾ ಹಾಡು ಬಂದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಸ್ಪಾಟಿಫೈ ತನ್ನಲ್ಲಿರುವ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಕೊಡುತ್ತದೆ, ಸೆಟ್ಟಿಂಗ್ಸಿನಲ್ಲಿ ಅದು ಆನ್ ಇದೆಯಾ ನೋಡಿಕೊಳ್ಳಿ. ನೀವೇ ಕ್ಯಾಸೆಟ್‌ನಿಂದ ಇಳಿಸಿಕೊಂಡಿದ್ದಕ್ಕೆ ಮಾತ್ರ ಕಂಪ್ಯೂಟರಿನಲ್ಲಿ ಒಂದಷ್ಟು ಸದ್ದು ಏರಿಸಿ ಉಳಿಸಿಕೊಳ್ಳಬೇಕು. ಆಡಾಸಿಟಿ ಅನ್ನೋ ಉಚಿತ ತಂತ್ರಾಂಶ ಸಾಕಾಗುತ್ತದೆ.

ರಾತ್ರಿ ಹತ್ತರ ಮೇಲೆ ನಿದ್ದೆ ಎಳೆಯುತ್ತದೆ. ಕೈಯಲ್ಲಿ ಕತ್ತಿ ಇರುವವರಿಗೆ ಜೋಗುಳ ಹಾಕಬಾರದು ಅನ್ನೋದು ನಮ್ಮ ಅತ್ತಿಗೆಯ ಮಾತು. ಆಗ ಶರೀಫರ ಪದಗಳು. ಒಂದೇ ಪದವನ್ನು ಬೇರೆ ಬೇರೆಯವರು ಹಾಡಿದ್ದನ್ನು ಒಂದರ ಹಿಂದೆ ಒಂದು ಇಡುತ್ತೇನೆ: ಮೊದಲು ಸಿ. ಅಶ್ವತ್ಥ್, ಆಮೇಲೆ ಶಿವಮೊಗ್ಗ ಸುಬ್ಬಣ್ಣ, ಸಿಕ್ಕರೆ ರಘು ದೀಕ್ಷಿತ್ ಗಿಟಾರು ಹಿಡಿದು ಹಾಡಿದ್ದು. ಆಗ ನೋಡಬೇಕು ಚರ್ಚೆ. ಯಾರದ್ದು ಚೆಂದ ಅಂತ ವಾದಕ್ಕೆ ಬಿದ್ದವರಿಗೆ ನಿದ್ದೆ ಎಲ್ಲಿಂದ ಬರಬೇಕು. ಸುಬ್ಬಣ್ಣ ನಮ್ಮ ಪಕ್ಕದ ಹೊಸನಗರ ತಾಲ್ಲೂಕಿನ ನಗರದವರು ಅನ್ನೋ ಕಾರಣಕ್ಕೆ ಯಾವಾಗಲೂ ಎರಡು ವೋಟು ಜಾಸ್ತಿ ಬೀಳುತ್ತದೆ. ಹುಡುಗರು ಕೇಳುವ ಹೊಸ ಹಾಡುಗಳನ್ನೂ ಇಲ್ಲೇ ನಡುನಡುವೆ ಸೇರಿಸುತ್ತೇನೆ. ಒಟ್ಟಿಗೆ ನಾಲ್ಕೈದು ಹಾಕಿದರೆ ದೊಡ್ಡವರು ಎದ್ದು ಹೋಗುತ್ತಾರೆ, ಒಂದೊಂದಾಗಿ ಬಂದರೆ ಯಾರೂ ಗಮನಿಸುವುದಿಲ್ಲ. ಒಂದಿಬ್ಬರು ಅಜ್ಜಂದಿರು ಮಾರನೇ ದಿನ ಅದನ್ನೇ ಗುನುಗುವುದನ್ನೂ ನೋಡಿದ್ದೇನೆ, ಕೇಳಿದರೆ ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

ಮಳೆ ಹಾಡುಗಳ ಪಟ್ಟಿ ಮಾಡಿಕೊಡಿ ಅಂತ ಬೆಂಗಳೂರಿನ ಸ್ನೇಹಿತರು ಪ್ರತೀ ಜೂನಿನಲ್ಲಿ ಕೇಳುತ್ತಾರೆ. ಅವರಿಗೆ ಮಾಡಿಕೊಡುತ್ತೇನೆ, ನಾನು ಕೇಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮೂರಲ್ಲಿ ಅಷ್ಟಿಲ್ಲದಿದ್ದರೂ ಜುಲೈ ತಿಂಗಳಿಡೀ ಬಟ್ಟೆ ಒಣಗುವುದಿಲ್ಲ. ಹೊರಗೆ ಅದೇ, ಒಳಗೂ ಅದೇ ಅಂದರೆ ಹೇಗೆ ಮಾರಾಯ್ರೆ. ನನ್ನ ಮಳೆಗಾಲದ ಪಟ್ಟಿಯ ಹೆಸರು 'ಬಿಸಿಲು'. ಅದರಲ್ಲಿ ಬಯಲುಸೀಮೆಯ ಜಾನಪದ ಇದೆ, ಉತ್ತರ ಕರ್ನಾಟಕದ ತತ್ವಪದ ಇದೆ, ರಾಜಸ್ತಾನದ ಲಂಗಾ, ಮಾಂಗಣಿಯಾರ್ ಗಾಯಕರಿದ್ದಾರೆ. ಇಲ್ಲಿ ಇನ್ನೊಂದು ಕಷ್ಟವೂ ಇದೆ. ಹೆಂಚಿನ ಮೇಲೆ ಜೋರು ಮಳೆ ಹೊಯ್ಯುವಾಗ ಮೆಲ್ಲಗೆ ಶುರುವಾಗಿ ನಿಧಾನಕ್ಕೆ ಏರುವ ಹಾಡಿನ ಅರ್ಧ ಭಾಗ ಕೇಳಿಸುವುದೇ ಇಲ್ಲ, ತಗಡಿನ ಮಾಡಾದರೆ ಕೇಳುವುದೇ ಬೇಡ. ಮೊದಲಿನಿಂದ ಕೊನೆವರೆಗೆ ಒಂದೇ ಮಟ್ಟದಲ್ಲಿ ಗಟ್ಟಿಯಾಗಿರುವ ಹಾಡು ಬೇಕು. ತೆರೆದ ಗಂಟಲಿನ ಈ ಗಾಯಕರು ಮಳೆಯನ್ನು ಸೀಳಿಕೊಂಡು ಬರುತ್ತಾರೆ. ಪಿಸುಗುಟ್ಟುವ ಪ್ರೇಮಗೀತೆಗಳನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ.

ನನಗೆ ಹೆಮ್ಮೆ ಇರುವ ಪಟ್ಟಿ ಅಂದರೆ ತಾಳಗುಪ್ಪ ರೈಲಿನದು. ಒಂದೊಂದು ಸ್ಟೇಷನ್ನಿಗೆ ಒಂದೊಂದು ಹಾಡು. ಜೋಗಕ್ಕೆ ಹೋಗುವವರು ಇಳಿಯುವ ತಾಳಗುಪ್ಪಕ್ಕೆ 'ನಿತ್ಯೋತ್ಸವ' ಬಿಟ್ಟರೆ ಬೇರೆ ಯಾವುದು? ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಕ್ಯಾಸೆಟ್ಟು 1978ರದ್ದು. ನಿಸಾರ್ ಅವರು ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು ಅನ್ನೋದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಸಾಗರ ಜಂಬಗಾರಿಗೆ ಹೆಗ್ಗೋಡಿನ ನೆನಪಿಗೆ ಬಿ.ವಿ. ಕಾರಂತರ ಒಂದು ರಂಗಗೀತೆ. ಅರಸಾಳಿಗೆ 'ಮಾಲ್ಗುಡಿ ಡೇಸ್' ಶೀರ್ಷಿಕೆ ಸಂಗೀತ, ಎಲ್. ವೈದ್ಯನಾಥನ್ ಅವರದ್ದು. ಶಂಕರ್‌ನಾಗ್ ಆ ಧಾರಾವಾಹಿಗೆ ಈ ಸ್ಟೇಷನ್ನನ್ನೇ ಬಳಸಿಕೊಂಡಿದ್ದರು. ಹಳೇ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ ಆಗಿದೆ. ಆ ರಾಗ ಶುರುವಾಗುವುದಕ್ಕೂ ರೈಲು ನಿಲ್ಲುವುದಕ್ಕೂ ತಾಳೆ ಬಿದ್ದರೆ ಪಕ್ಕದ ಸೀಟಿನವರೂ ಇಯರ್‌ಫೋನಿನ ಒಂದು ತುದಿ ಕೇಳುತ್ತಾರೆ.

ಶಿವಮೊಗ್ಗಕ್ಕೆ ಸುಬ್ಬಣ್ಣ, ಅವರಿಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ 'ಕಾಡು ಕುದುರೆ'. ಸ್ಟೇಷನ್ ಬಿಟ್ಟು ತುಂಗೆಯ ಸೇತುವೆ ದಾಟುವಾಗ ಗಮಕ, ಅಂದರೆ ಹಳೇ ಕಾವ್ಯವನ್ನು ರಾಗವಾಗಿ ಓದುವುದು. ಹೊಳೆಯ ಮೇಲ್ಭಾಗದಲ್ಲೇ ಮತ್ತೂರು, ಹೊಸಹಳ್ಳಿ ಇವೆಯಲ್ಲ. ಹೊಸಹಳ್ಳಿಯ ಕೇಶವಮೂರ್ತಿಗಳಿಗೆ ಗಮಕಕ್ಕಾಗಿಯೇ 2022ರಲ್ಲಿ ಪದ್ಮಶ್ರೀ ಬಂತು. ಭದ್ರಾವತಿ ಬಂದಾಗ ಅಜನೀಶ್ ಲೋಕನಾಥ್, ಅವರ ಹುಟ್ಟೂರು ಅದೇ. 'ಕಾಂತಾರ' ಬಂದ ಮೇಲೆ ದೇಶಕ್ಕೆಲ್ಲ ಅವರ ಹೆಸರು ಗೊತ್ತಾಯಿತು, ಭದ್ರಾವತಿ ಹೆಸರು ಮಾತ್ರ ಯಾರೂ ಹೇಳುವುದಿಲ್ಲ. ತರೀಕೆರೆಗೆ ಹಾಡು ಬೇಕಾಗಲೇ ಇಲ್ಲ. ಅಣ್ಣನ ಮಕ್ಕಳನ್ನು ಕೂರಿಸಿ 'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ' ಅನ್ನೋದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ. ನಾಲಿಗೆ ತೊಡರಿ ನಗು ಬಂದಿದ್ದನ್ನೂ ಹಾಗೇ ಬಿಟ್ಟಿದ್ದೇನೆ.

ರೈಲು ಎಲ್ಲಿ ಸರಿಯಾದ ಹೊತ್ತಿಗೆ ಹೋಗುತ್ತದೆ ಅಂತ ನೀವು ಕೇಳಬಹುದು. ಅದಕ್ಕೊಂದು ಉಪಾಯ. ಸ್ಟೇಷನ್ ಹಾಡುಗಳ ನಡುವೆ ಉದ್ದನೆಯ ವಾದ್ಯಸಂಗೀತ ಇಟ್ಟಿದ್ದೇನೆ. ಬಾನ್ಸುರಿ, ಸಿತಾರ್, ಹೀಗೆ ಮಧ್ಯದಲ್ಲಿ ಎಲ್ಲಿ ಕತ್ತರಿಸಿದರೂ ನೋವಾಗದ ಆಲಾಪಗಳು. ರೈಲು ನಿಧಾನವಾಗತೊಡಗಿದ ಕೂಡಲೇ ಮುಂದಿನ ಹಾಡಿಗೆ ಹಾರಿಸುತ್ತೇನೆ. ಕ್ರಾಸ್‌ಫೇಡ್ ಅನ್ನು 12 ಸೆಕೆಂಡಿಗೆ ಇಟ್ಟರೆ, ತಾನಾಗಿ ಮುಗಿದ ಹಾಡು ಮುಂದಿನದಕ್ಕೆ ಮೆಲ್ಲಗೆ ಸೇರಿಕೊಳ್ಳುತ್ತದೆ. ಅಡಿಕೆ ಪಟ್ಟಿಗೆ ಮಾತ್ರ ಇದು ಬೇಡ, ಭಾಗವತಿಕೆಯ ತುದಿ ತಿಂದುಬಿಡುತ್ತದೆ.

ಇನ್ನು ಕಾರ್ಯಕ್ರಮಗಳ ವಿಷಯ. ದೊಡ್ಡ ಟೂರುಗಳು ಶಿವಮೊಗ್ಗದವರೆಗೆ ಬರುವುದಿಲ್ಲ, ಬೆಂಗಳೂರಿಗೇ ಹೋಗಬೇಕು. ಬಯಲಿನ ಕಾರ್ಯಕ್ರಮಗಳಲ್ಲಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನೋ ನಿಯಮ ನಮ್ಮಂಥವರಿಗೆ ವರ. ರಾತ್ರಿ ಬಸ್ಸೋ ರೈಲೋ ಹಿಡಿದು ಬೆಳಿಗ್ಗೆ ಊರು ಸೇರಬಹುದು. ಹೋಗುವ ಮುಂಚೆ ನಾನು ಮಾಡುವ ಕೆಲಸ ಒಂದೇ. ಆ ತಂಡ ಹಿಂದಿನ ಊರಿನಲ್ಲಿ ಯಾವ ಹಾಡು ಯಾವ ಕ್ರಮದಲ್ಲಿ ಹಾಡಿತು ಅಂತ ನೋಡಿ, ಅದೇ ಕ್ರಮದಲ್ಲಿ ಪಟ್ಟಿ ಮಾಡಿಕೊಂಡು ದಾರಿಯಲ್ಲಿ ಕೇಳುವುದು. ವಿದೇಶಿ ತಂಡಗಳದ್ದು ಸೆಟ್‌ಲಿಸ್ಟ್ ಡಾಟ್ ಎಫ್‌ಎಂನಲ್ಲಿ ಸುಲಭವಾಗಿ ಸಿಗುತ್ತದೆ. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಮೊದಲು ಮುಂಬೈಯಲ್ಲಿ, ಆಮೇಲೆ ಅಹಮದಾಬಾದಿನಲ್ಲಿ ಹಾಡಿತಲ್ಲ, ಮುಂಬೈ ಪಟ್ಟಿ ಇಟ್ಟುಕೊಂಡೇ ನಾನು 26ರ ಅಹಮದಾಬಾದ್ ಕಾರ್ಯಕ್ರಮವನ್ನು ಹಾಟ್‌ಸ್ಟಾರಿನ ನೇರಪ್ರಸಾರದಲ್ಲಿ ನೋಡಿದೆ. ಮುಂದಿನ ಹಾಡು ಇದೇ ಅಂತ ಮೊದಲೇ ಹೇಳಿ ಮನೆಯವರ ಕೈಲಿ ಬೈಸಿಕೊಂಡೆ. ಕನ್ನಡದ ತಂಡಗಳಿಗೆ ಹಾಗೆ ಬರೆದಿಡುವವರು ಕಡಿಮೆ. ಅಭಿಮಾನಿಗಳು ಹಾಕಿದ ವಿಡಿಯೋ ನೋಡಿ ನಾವೇ ಜೋಡಿಸಬೇಕು.

ಆದರೆ ಮಲೆನಾಡಿನವರು ಟೂರಿಗಾಗಿ ಬೆಂಗಳೂರನ್ನೇ ಕಾಯಬೇಕಾಗಿಲ್ಲ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ. ನಾಟಕ ಮುಗಿದ ಮೇಲೆ ಕೇಳಿದರೆ ಯಾವ ಹಾಡಿಗೆ ಯಾರ ಸಂಗೀತ ಅಂತ ಖುಷಿಯಿಂದ ಹೇಳುತ್ತಾರೆ. ಯಕ್ಷಗಾನ ಮೇಳಗಳಂತೂ ದೀಪಾವಳಿಯ ಆಚೆ ಹೊರಟರೆ ಮೇ ಕೊನೆಯಲ್ಲಿ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ದಿನದವರೆಗೆ ದಿನಕ್ಕೊಂದು ಊರು. ಪ್ರಸಂಗ ಯಾವುದು ಅಂತ ಕರಪತ್ರದಲ್ಲೇ ಇರುತ್ತದೆ. ಅದೇ ಪ್ರಸಂಗದ ಹಳೇ ಪದ್ಯಗಳನ್ನು ಮೊದಲೇ ಒಂದು ಸಲ ಕೇಳಿಕೊಂಡು ಹೋಗಿ ಕೂತರೆ, ಈಗಿನ ಭಾಗವತರು ಎಲ್ಲಿ ಹಳೇ ದಾರಿ ಹಿಡಿದರು, ಎಲ್ಲಿ ಬಿಟ್ಟರು ಅನ್ನೋದು ತಾನಾಗಿ ಕಿವಿಗೆ ಬೀಳುತ್ತದೆ. ಟಿಕೆಟ್ಟಿಗೆ ಆನ್‌ಲೈನಿನಲ್ಲಿ ಲಕ್ಷಗಟ್ಟಲೆ ಜನರ ಹಿಂದೆ ಕ್ಯೂ ನಿಲ್ಲುವ ಕಷ್ಟವೂ ಇಲ್ಲ.

ಸದ್ಯ ರೈಲು ಪಟ್ಟಿಯಲ್ಲಿ ಆನಂದಪುರ, ಕುಂಸಿ, ಬೀರೂರು ಖಾಲಿ ಇವೆ. ಕುಂಸಿಗೆ ಹಾಕೋಕೆ ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪನವರ ಒಂದು ಗೀತೆ ಮನಸ್ಸಿನಲ್ಲಿದೆ, ಆದರೆ ಶಿಕಾರಿಪುರಕ್ಕೆ ಇನ್ನೂ ರೈಲಿಲ್ಲದ ಕಾರಣಕ್ಕೆ ಅವರನ್ನು ಕುಂಸಿಯಲ್ಲಿ ಇಳಿಸುವುದು ನ್ಯಾಯವಾ ಅಂತ ಅಣ್ಣ ತಕರಾರು ತೆಗೆದಿದ್ದಾನೆ. ಆ ಕಡೆಯವರು ಯಾರಾದರೂ ಇದ್ದರೆ ಹಾಡು ಹೇಳಿ, ಮುಂದಿನ ಶುಕ್ರವಾರದೊಳಗೆ ಸೇರಿಸಿಬಿಡುತ್ತೇನೆ.