ಕೋಡಿಗೆ ಕಲ್ಲಿನ ಮೆಟ್ಟಿಲು, ಹತ್ತುಮೀನಿಗೆ ಹಳೆಯ ದಾರಿ

ಬನವಾಸಿ ಕಡೆಯ ನಮ್ಮ ಕೆರೆಯ ಕೋಡಿಗೆ ಕಾಂಕ್ರೀಟ್ ಬಿದ್ದ ಮೇಲೆ ಕೆರೆಗೆ ಹತ್ತುಮೀನು, ಅಂದರೆ ಮಳೆಗಾಲದ ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು, ಬರುವುದು ನಿಂತಿತ್ತು. ಮೃಗಶಿರ ಮಳೆಗೆ ವರದಾ ಹೊಳೆಯಿಂದ ಹಳ್ಳ ಹಿಡಿದು ಬಂದ ಗೆಂಡೆ ಮೀನು ನಾಲ್ಕಡಿ ಗೋಡೆಗೆ ಹಾರಿ ಹಾರಿ ಮೂತಿ ಕೆಂಪು ಮಾಡಿಕೊಂಡು, ಕಡೆಗೆ ಬುಡದಲ್ಲೇ ಕೂಳಿಯ (ಮೀನು ಹಿಡಿಯುವ ಬುಟ್ಟಿಯ) ಪಾಲಾಗುತ್ತಿತ್ತು. ಈಗ ಮೂರು ಮಳೆಗಾಲದಿಂದ ಗೆಂಡೆ ಕೆರೆಗೆ ಹತ್ತುತ್ತಿದೆ, ಮೊಟ್ಟೆಯಿಟ್ಟು ಇಳಿಯುತ್ತಿದೆ. ‘ಮೀನು ಎಲ್ಲಾದರೂ ಮೆಟ್ಟಿಲು ಹತ್ತುತ್ತದೆಯೇ’ ಎಂದವರೇ ಈಗ ತಮ್ಮೂರ ಕೋಡಿಯ ಅಳತೆ ಹಿಡಿದು ಬರುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಕಟ್ಟಿಸಿದ್ದು ಸಿಮೆಂಟಿನ ಎಂಟು ಮೆಟ್ಟಿಲು, ಒಂದೊಂದು ಆರಿಂಚು ಎತ್ತರ. ಮೂವತ್ತೆಂಟು ಸಾವಿರದ ಆಸುಪಾಸು ಖರ್ಚಾಯಿತು, ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗಾಯಿತು. ತಪ್ಪು ಮೂರು. ನುಣುಪಾದ ತಳದಲ್ಲಿ ನೀರು ಓಡುತ್ತದೆ, ಮೀನಿಗೆ ತಂಗುವ ಜಾಗವಿಲ್ಲ. ನೀರು ಆರಿಂಚು ಕೆಳಗೆ ಬೀಳುವಲ್ಲಿ ಬರೀ ನೊರೆ. ನೊರೆಯಲ್ಲಿ ಬಾಲ ಬಡಿದರೆ ಒತ್ತು ಸಿಗುವುದಿಲ್ಲ, ಅಂಗೈಯಗಲದ ಮೀನು ಮೇಲೇಳುವುದೇ ಇಲ್ಲ. ಮೂರನೆಯದೇ ದೊಡ್ಡದು: ಮೆಟ್ಟಿಲಿನ ಬಾಯಿಯನ್ನು ಕೋಡಿಯಿಂದ ಇಪ್ಪತ್ತಡಿ ಕೆಳಗೆ ಇಟ್ಟಿದ್ದೆ. ಮೀನು ನೀರಿನ ಸೆಳೆತಕ್ಕೆ ಎದುರಾಗಿ ಹೋಗಬಹುದಾದಷ್ಟೂ ಮೇಲೆ ಹೋಗುತ್ತದೆ. ಪಕ್ಕದ ಬಾಯಿ ದಾಟಿ ಗೋಡೆಯ ಬುಡಕ್ಕೆ ಹೋಗಿ ನಿಂತದ್ದು ಹಿಂದೆ ತಿರುಗಿ ಹುಡುಕುವುದಿಲ್ಲ.

ಮರುವರ್ಷ ಅದನ್ನು ಒಡೆಸಿ ಕಾಡುಕಲ್ಲಿನಲ್ಲಿ ಮಾಡಿದೆ. ನಾಲ್ಕಡಿಗೆ ಹದಿನಾರು ಹಂತ, ಒಂದೊಂದು ಮೂರೇ ಇಂಚು. ಹಂತದಿಂದ ಹಂತಕ್ಕೆ ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ. ಒಟ್ಟು ಅರವತ್ತನಾಲ್ಕಡಿ. ಅಷ್ಟುದ್ದ ನೇರ ತಂದರೆ ಬಾಯಿ ಮತ್ತೆ ದೂರ ಹೋಗುತ್ತದೆ. ಹಾಗಾಗಿ ಅರ್ಧ ಇಳಿಸಿ, ತಿರುಗಿಸಿ, ಉಳಿದರ್ಧ ಕೋಡಿಯ ಕಡೆಗೇ ತಂದು ಗೋಡೆಯ ಬುಡದ ಪಕ್ಕದಲ್ಲೇ ಬಾಯಿ ಬಿಡಿಸಿದೆ. ತಿರುವಿನ ಗುಂಡಿ ಎರಡು ಪಟ್ಟು ದೊಡ್ಡದಿರಲಿ, ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣು ಅಲ್ಲಿ ಸುಧಾರಿಸಿಕೊಳ್ಳುತ್ತದೆ. ಆ ಗುಂಡಿಯ ತಳಕ್ಕೆ ನಾನು ಹಾಕುವುದೊಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಪ್ರತಿ ಹಂತದ ಕಲ್ಲಿನ ಸಾಲಿನಲ್ಲಿ ಐದಾರು ಇಂಚಿನ ಸಂದು ಬಿಡಬೇಕು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹಾರುವ ಮೀನು ಮೇಲಿಂದ ಹಾರಲಿ, ಹಾರಲಾರದ್ದು ಸಂದಿನಲ್ಲಿ ಈಜಲಿ. ತಳಕ್ಕೆ ಮುಷ್ಟಿಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಊರಿದರೆ ನೀರು ಅಲ್ಲಲ್ಲಿ ತಡೆದು ನಿಲ್ಲುತ್ತದೆ. ಅಂಚಿಗೆ ದುಡ್ಡುಳಿಸಲು ಮರಳು ಚೀಲ ಒಟ್ಟಿದ್ದೆ. ಬಿಸಿಲಿಗೆ ಚೀಲ ಹರಿಯಿತು, ಏಡಿ ಬಿಲ ಮಾಡಿತು, ಆರಿದ್ರೆ ಮಳೆಯಲ್ಲಿ ಒಂದು ಬದಿಯೇ ಕುಸಿಯಿತು. ಈಗ ಅಲ್ಲಿ ಚಿರೆಕಲ್ಲು ಇದೆ. ಕಲ್ಲು, ಸಾಗಾಟ, ಕೂಲಿ ಎಲ್ಲ ಸೇರಿ ಇಪ್ಪತ್ತೆಂಟು ಸಾವಿರ ದಾಟಿರಬೇಕು.

ಮೇಲ್ತುದಿಯಲ್ಲಿ ಕೋಡಿಯ ಮಟ್ಟಕ್ಕಿಂತ ಎಂಟಿಂಚು ಕೆಳಗೆ ಒಂದಡಿ ಅಗಲದ ಕಂಡಿ ಬೇಕು. ಕೋಡಿ ಬೀಳುವ ಮೊದಲೇ ಮೆಟ್ಟಿಲಲ್ಲಿ ನೀರು ಹರಿಯುತ್ತಿರಬೇಕು. ಕೆರೆಯ ಎಂಟಿಂಚು ನೀರು ಹೋಯಿತೆಂದು ಗದ್ದೆಯವರು ಸಿಟ್ಟಾಗುವುದು ಸಹಜ. ಕಂಡಿಗೆ ಹಲಗೆ ಕೂರಿಸುವ ಕಚ್ಚು ಮಾಡಿಸಿ, ಉತ್ತರೆ ಮಳೆಗೆ ಮುಚ್ಚುತ್ತೇವೆ. ಮುಂಗಾರಿನಲ್ಲಿ ಹಲಗೆ ಎಳೆಯುವುದು ರಾತ್ರಿಯೇ. ಯಾವ ಮಳೆಯ ಯಾವ ಹೊತ್ತಿಗೆ ಎನ್ನುವುದನ್ನು ನಿಮ್ಮ ಹಳ್ಳ ನೋಡಿ ನೀವೇ ಕಲಿಯಬೇಕು.

ಇಷ್ಟಾದರೂ ಆ ವರ್ಷ ಮೃಗಶಿರದಲ್ಲಿ ಚೆನ್ನಾಗಿ ಹತ್ತಿದ ಮೀನು, ಮಳೆ ಬಿಟ್ಟು ಒಂದು ಹೊಳವಾದ ಮೇಲೆ ಒಮ್ಮೆಲೇ ನಿಂತಿತು. ಮೆಟ್ಟಿಲಲ್ಲಿ ನೀರಿತ್ತು, ಸಂದು ತೆರೆದೇ ಇತ್ತು. ಮೀನು ಮಾತ್ರ ಕೆಳಗೆ ಎರಡು ಹಳ್ಳ ಕೂಡುವಲ್ಲಿ ದಿಕ್ಕು ತಪ್ಪಿದಂತೆ ಸುತ್ತುತ್ತಿತ್ತು. ಆ ಹೊಳದಲ್ಲಿ ಕೆರೆಯಂಚಿನ ಅಡಿಕೆ ತೋಟಗಳಿಗೆಲ್ಲ ಕೊಳೆರೋಗದ ಮದ್ದು ಹೊಡೆದಿದ್ದರು, ಡ್ರಮ್ಮು, ಪೈಪು ತೊಳೆದದ್ದು ಕಾಲುವೆಯಲ್ಲೇ. ಆ ಮದ್ದು ಶೇಕಡಾ 1ರ ಬೋರ್ಡೋ ದ್ರಾವಣ, ಎಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್). ಡ್ರಮ್ಮಿನ ತಳದಲ್ಲಿ ಉಳಿದದ್ದೂ ಕಡಿಮೆಯಲ್ಲ. ತಾಮ್ರವು ಮೀನಿನ ಮೂಗಿನ ವಾಸನೆ ಹಿಡಿಯುವ ಜೀವಕೋಶಗಳನ್ನು ಕೆಡಿಸುತ್ತದೆ, ಅದೂ ಮೀನು ಸಾಯುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆಯಲ್ಲಿ. ಸತ್ತ ಮೀನು ತೇಲದ ಕಾರಣ ಯಾರಿಗೂ ಅನುಮಾನವೇ ಬರುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ 1951ರಲ್ಲೇ ಮೀನು ಒಂದು ಹಳ್ಳದ ನೀರನ್ನು ಇನ್ನೊಂದರಿಂದ ವಾಸನೆಯಲ್ಲೇ ಬೇರ್ಪಡಿಸುತ್ತದೆ ಎಂದು ತೋರಿಸಿದ್ದರು. ಅವರು ಬಳಸಿದ ಪುಟ್ಟ ಮೀನೂ ಗೆಂಡೆಯ ಬಳಗದ್ದೇ.

ಮಾಡಿದ್ದಿಷ್ಟು: ಕಾಲುವೆಯಿಂದ ಮುನ್ನೂರಡಿ ದೂರದ ದಿಬ್ಬದಲ್ಲಿ ನಾಲ್ಕಡಿ ಚೌಕದ ಗುಂಡಿ ತೋಡಿ, ತಳಕ್ಕೆ ಕೊಟ್ಟಿಗೆ ಗೊಬ್ಬರ, ಮಣ್ಣು ಹಾಕಿ, ಡ್ರಮ್ಮು ಅಲ್ಲೇ ತೊಳೆಯುವುದು. ತಾಮ್ರವು ಗೊಬ್ಬರಕ್ಕೂ ಮಣ್ಣಿಗೂ ಕಚ್ಚಿಕೊಳ್ಳುತ್ತದೆ. ಮನೆ ಮನೆಗೆ ಹೋಗಿ ಒಪ್ಪಿಸಿದ್ದೇ ಕಷ್ಟದ ಕೆಲಸ, ಗುಂಡಿಗೆ ಎರಡಾಳಿನ ಕೂಲಿ ಮಾತ್ರ. ಆಮೇಲೆ ಹೊಳದ ನಂತರವೂ ಮೀನು ಹತ್ತಿತು.

ನೀರಿನ ವಾಸನೆಯದೇ ಆಟ ಎಂದು ಗಟ್ಟಿ ಮಾಡಿಕೊಳ್ಳಲು ಒಂದು ರಾತ್ರಿ ಡೀಸೆಲ್ ಪಂಪಿನಿಂದ ನಮ್ಮ ಕೆರೆ ನೀರನ್ನು ಪಕ್ಕದ ಹಳ್ಳಕ್ಕೆ ಹರಿಸಿ, ನಮ್ಮ ಕಂಡಿ ಮುಚ್ಚಿದೆ. ಬೆಳಗಾಗುವುದರೊಳಗೆ ಪಕ್ಕದ ಹಳ್ಳದಲ್ಲಿ ಐವತ್ತರ ಮೇಲೆ ಗೆಂಡೆ. ಬಕೆಟಿನಲ್ಲಿ ಹೊತ್ತು ತಂದು ಕೆರೆಗೆ ಬಿಟ್ಟೆವು. ಡೀಸೆಲ್ಲಿಗೆ ಎರಡು ಸಾವಿರ ಹೋಯಿತು, ಅದು ದಂಡವಲ್ಲ.

ಅದೇ ಮೀನು ಮರಳಿ ಬರುತ್ತದೆಯೇ ಎಂದು ನೋಡಲು ಗುರುತು ಬೇಕು. ಬಾಲದ ತುದಿ ಕತ್ತರಿಸಿದ್ದು ವ್ಯರ್ಥ, ಎರಡು ಮೂರು ತಿಂಗಳಲ್ಲಿ ಚಿಗುರುತ್ತದೆ. ಹೊಟ್ಟೆಯ ಎಡಬದಿಯ ರೆಕ್ಕೆಯನ್ನು ಬುಡಕ್ಕೆ ಸರಿಯಾಗಿ ಉಗುರು ಕತ್ತರಿಯಲ್ಲಿ ತೆಗೆದರೆ ಉಳಿಯುತ್ತದೆ. ಕೈ ಒದ್ದೆಯಿರಲಿ, ಒಣಗೈಯಲ್ಲಿ ಹಿಡಿದರೆ ಲೋಳೆ ಹೋಗಿ ಬೂಸ್ಟು ಹಿಡಿಯುತ್ತದೆ. ನೂರರವತ್ತಕ್ಕೆ ಗುರುತು ಹಾಕಿದ ನೆನಪು. ಮರುವರ್ಷ ನಮ್ಮ ಮೆಟ್ಟಿಲಿಗೆ ಮೂವತ್ತರ ಮೇಲೆ ಬಂತು, ಪಕ್ಕದ ಹಳ್ಳದಲ್ಲಿ ಸಿಕ್ಕಿದ್ದು ನಾಲ್ಕು.

ಮುರುಗೋಡು, ಕುಚ್ಚು ಮೀನುಗಳಿಗೆ ಈ ಮೆಟ್ಟಿಲು ಬೇಕಿಲ್ಲ, ಒದ್ದೆ ಹುಲ್ಲಿನ ಮೇಲೇ ತೆವಳಿ ಹೋಗುತ್ತವೆ.

ಮಳೆಗೆ ಮೊದಲು ಕೆರೆಯಂಚಿನ ಹುಲ್ಲು ಕೊಯ್ಯಬೇಡಿ, ಗೆಂಡೆಯ ಮೊಟ್ಟೆ ಅಂಟುವುದು ಅದೇ ಮುಳುಗಿದ ಹುಲ್ಲಿಗೆ. ದಿನವೂ ಬೆಳಿಗ್ಗೆ ಅಡಿಕೆ ಹಾಳೆ, ಸೋಗೆ ಸಂದಿಗೆ ಸಿಕ್ಕಿದ್ದನ್ನು ತೆಗೆಯಬೇಕು. ಒಂದು ಹಾಳೆ ಸಾಕು, ಇಡೀ ರಾತ್ರಿಯ ಮೀನು ಕೆಳಗೇ ನಿಲ್ಲುತ್ತದೆ. ಕಾರವಾರ, ತದಡಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ ಎರಡು ತಿಂಗಳಲ್ಲೇ ಹಳ್ಳದ ಮೀನಿಗೆ ಬೇಡಿಕೆ, ಮೆಟ್ಟಿಲಿನ ಬಾಯಿಗೇ ಕೂಳಿ ಒಡ್ಡುತ್ತಾರೆ. ಮೊದಲ ಹದಿನೈದು ರಾತ್ರಿ ಪಾಳಿಯ ಮೇಲೆ ಇಬ್ಬರು ಕಾಯುತ್ತೇವೆ. ಕೂಳಿಗೆ ಬೇರೆ ಜಾಗ ತೋರಿಸಿದ್ದೇವೆ, ಮೊಟ್ಟೆಯಿಟ್ಟು ಇಳಿಯುವ ಮೀನು ಸಿಗುವಲ್ಲಿ.