ಎರಡು ಟೈಪ್ ರೇಟಿಂಗ್, ಒಂದೇ ಕೆಲಸ

ನಾನು ಎರಡು ವಿಮಾನಗಳ ಟೈಪ್ ರೇಟಿಂಗ್ ತರಬೇತಿ ಮುಗಿಸಿದವನು. ಒಂದು ಬೋಯಿಂಗ್ 737, ಇನ್ನೊಂದು ಏರ್‌ಬಸ್ ಎ320. ಅನ್ನ ಹಾಕುತ್ತಿರುವುದು ಎರಡನೆಯದು. ಮೊದಲನೆಯದರಲ್ಲಿ ಇವತ್ತಿನವರೆಗೆ ಒಬ್ಬೇ ಒಬ್ಬ ಪ್ರಯಾಣಿಕನನ್ನೂ ಕರೆದೊಯ್ದಿಲ್ಲ. ಅದಕ್ಕೆ ಸುರಿದ ದುಡ್ಡು ತಿಪಟೂರಿನ ನಮ್ಮ ತೆಂಗಿನ ತೋಟ ಅಡವಿಟ್ಟು ತಂದಿದ್ದು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಕೈಗೆ ಬಂದ ಮಾತ್ರಕ್ಕೆ ಏರ್‌ಲೈನ್ ವಿಮಾನ ಹಾರಿಸಲು ಆಗುವುದಿಲ್ಲ. ಆ ಲೈಸೆನ್ಸಿಗೆ ಬೇಕಾದ 200 ಗಂಟೆ ನಾನು ಹಾರಿದ್ದು ಹೆಚ್ಚಾಗಿ ಸೆಸ್ನಾ 172ರಲ್ಲಿ, ನಾಲ್ಕೇ ಸೀಟಿನ ವಿಮಾನ. ದೊಡ್ಡ ವಿಮಾನಕ್ಕೆ ಆ ಮಾದರಿಯ ಮೇಲೆಯೇ ಬೇರೆ ತರಬೇತಿ, ಬೇರೆ ಪರೀಕ್ಷೆ. ಅದೇ ಟೈಪ್ ರೇಟಿಂಗ್.

ಶುರುವಿನಲ್ಲಿ ನಾನು ಒಂದು ಕೆಲಸ ಸರಿಯಾಗಿ ಮಾಡಿದ್ದೆ. ಫ್ಲೈಯಿಂಗ್ ಸ್ಕೂಲಿಗೆ ಒಂದು ರೂಪಾಯಿ ಕಟ್ಟುವ ಮೊದಲೇ ಮೆಡಿಕಲ್ ಮುಗಿಸಿಕೊಂಡೆ. ಮೊದಲು ಕ್ಲಾಸ್ ಟೂ, ಆಮೇಲೆ ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಸಿಪಿಎಲ್‌ಗೆ ಬೇಕೇ ಬೇಕಾದ ಕ್ಲಾಸ್ ಒನ್. ಕಣ್ಣು, ಕಿವಿ, ಇಸಿಜಿ, ರಕ್ತ, ಎಲ್ಲವನ್ನೂ ನೋಡುತ್ತಾರೆ. ನನ್ನ ಜೊತೆಯ ಹುಡುಗನೊಬ್ಬ ಅರ್ಧ ಫೀಸು ಕಟ್ಟಿ ಆಮೇಲೆ ಕ್ಲಾಸ್ ಒನ್‌ಗೆ ಹೋದ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಫೇಲಾಗಿಬಿಟ್ಟ. ಅವನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ.

ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಪೇಪರ್‌ಗಳ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಪಾಸಾಗಲು ನೂರಕ್ಕೆ 70 ಅಂಕ ಬೇಕು, ಕೂತು ಓದಿದರೆ ಬರುತ್ತದೆ. ರೇಡಿಯೋ ಪರೀಕ್ಷೆ, ಅಂದರೆ ಆರ್‌ಟಿಆರ್, ಬೇರೆ ಥರ. ಅಲ್ಲಿ ಎದುರಿಗೆ ಕೂತು ಮಾತಾಡಬೇಕು. ನಾನು ಮೊದಲ ಸಲ ತಡವರಿಸಿ ಫೇಲಾದೆ.

ತಪ್ಪಿದ್ದು ಮಲ್ಟಿ ಎಂಜಿನ್ ವಿಷಯದಲ್ಲಿ. ಎರಡು ಎಂಜಿನ್ ವಿಮಾನದ ಗಂಟೆ ದುಬಾರಿ. ಬೇಗ ಮುಗಿಸಿಬಿಡೋಣ ಎಂದು ಅದನ್ನೂ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವ) ಪರೀಕ್ಷೆಯನ್ನೂ ತರಬೇತಿಯ ನಡುವೆಯೇ ಮಾಡಿಸಿಕೊಂಡೆ. ಆ ಪರೀಕ್ಷೆ ಚಾಲ್ತಿಯಲ್ಲಿರುವುದು ಒಂದೇ ವರ್ಷ. ಉಳಿದ ಗಂಟೆ ತುಂಬಿಸಿ, ಕಾಗದಪತ್ರ ಓಡಾಡಿ, 2018ರಲ್ಲಿ ಲೈಸೆನ್ಸ್ ಬರುವ ಹೊತ್ತಿಗೆ ಅದರ ಅವಧಿ ಮುಗಿಯುತ್ತಾ ಬಂದಿತ್ತು. ಮತ್ತೆ ದುಡ್ಡು ಕೊಟ್ಟು ಹಾರಿದೆ. ಕೊನೆಗೆ ಇಟ್ಟುಕೊಂಡಿದ್ದರೆ ಅರ್ಜಿ ಹಾಕುವಾಗ ಕೈಯೂ ಪಳಗಿರುತ್ತಿತ್ತು, ದಂಡವೂ ಬೀಳುತ್ತಿರಲಿಲ್ಲ.

ಆಮೇಲೆ ದೊಡ್ಡ ಪೆಟ್ಟು. ‘ಟೈಪ್ ಇದ್ದವರಿಗೆ ಮೊದಲು ಕರೆ ಬರುತ್ತೆ’ ಅಂತ ಎಲ್ಲರೂ ಹೇಳುತ್ತಿದ್ದರು. ಯಾವ ಕಂಪನಿಯೂ ಕರೆದಿರಲಿಲ್ಲ, ಆದರೂ ಸ್ವಂತ ಖರ್ಚಿನಲ್ಲಿ 737 ಮಾಡಿಕೊಂಡೆ. 2019ರ ಮಾರ್ಚ್‌ನಲ್ಲಿ ಭಾರತದಲ್ಲಿ 737ರ ಹೊಸ ಮಾದರಿ ಮ್ಯಾಕ್ಸ್‌ನ ಹಾರಾಟ ನಿಂತಿತು. ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಸಾವಿರಾರು ಗಂಟೆ ಹಾರಿದ 737 ಪೈಲಟ್‌ಗಳೇ ಕೆಲಸ ಹುಡುಕುತ್ತಿರುವಾಗ ಸಿಮ್ಯುಲೇಟರ್ (ನೆಲದ ಮೇಲಿನ ನಕಲಿ ಕಾಕ್‌ಪಿಟ್) ಬಿಟ್ಟು ಹೊರಗೆ ಬರದ ನನ್ನನ್ನು ಯಾರು ಕೇಳುತ್ತಾರೆ? ಮರುವರ್ಷ ಕೋವಿಡ್. ಹಾರದೆ ಕೂತರೆ ಟೈಪ್ ತುಕ್ಕು ಹಿಡಿಯುತ್ತದೆ, ಮತ್ತೆ ಸಿಮ್ಯುಲೇಟರಿಗೆ ದುಡ್ಡು ಕಟ್ಟಬೇಕು. ಕಟ್ಟಲಿಲ್ಲ. 737ರ ದಪ್ಪ ಪುಸ್ತಕಗಳು ಈಗ ಊರಿನ ಅಟ್ಟದಲ್ಲಿ ಕೊಬ್ಬರಿ ಪಕ್ಕ ಇವೆ. ಅಪ್ಪ ಆ ಮಾತು ಎತ್ತಿದವರಲ್ಲ. ಅದೇ ಜಾಸ್ತಿ ಚುಚ್ಚುತ್ತಿತ್ತು.

2022ರಲ್ಲಿ ಒಂದು ಏರ್‌ಲೈನ್ ಆಯ್ಕೆ ಮಾಡಿಕೊಂಡಿತು. ಈ ಸಲ ಕೆಲಸದ ಪತ್ರ ಮೊದಲು, ಟೈಪ್ ಆಮೇಲೆ. ಎ320 ಗ್ರೌಂಡ್ ಸ್ಕೂಲ್, ಅಂದರೆ ತರಗತಿಯ ಪಾಠ, ಪರೀಕ್ಷೆ, ಆಮೇಲೆ ಸಿಮ್ಯುಲೇಟರ್. ಒಂದು ಸೆಷನ್ ನಾಲ್ಕು ಗಂಟೆ. ಎರಡು ಗಂಟೆ ನಾನು ಹಾರಿಸುವುದು, ಎರಡು ಗಂಟೆ ಪಕ್ಕದವನಿಗೆ ಸಹಾಯ ಮಾಡುವುದು. ಹಳೆಯ ಅಭ್ಯಾಸ ಕಾಟ ಕೊಟ್ಟಿತು. 737ರಲ್ಲಿ ಟ್ರಿಮ್ ಸ್ವಿಚ್ (ವಿಮಾನದ ಮೂಗಿನ ಏರಿಳಿತ ಹದ ಮಾಡುವುದು) ಇರುವುದು ಹೆಬ್ಬೆರಳಿನ ಹತ್ತಿರ. ಏರ್‌ಬಸ್ ಸೈಡ್‌ಸ್ಟಿಕ್‌ನಲ್ಲಿ, ಅಂದರೆ ಪಕ್ಕದಲ್ಲಿರುವ ಹಿಡಿಕೋಲಿನಲ್ಲಿ, ಹೆಬ್ಬೆರಳಿಗೆ ಸಿಗುವುದು ಕೆಂಪು ಗುಂಡಿ. ಒತ್ತಿದರೆ ಆಟೋಪೈಲಟ್ ಬಿಟ್ಟುಹೋಗುತ್ತದೆ. ಎರಡು ಸಲ ಒತ್ತಿದೆ. ‘ಬೋಯಿಂಗ್‌ನಿಂದ ಬಂದ್ರಾ?’ ಎಂದು ತರಬೇತುದಾರರು ನಕ್ಕರು. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಕೆಲಸ ಮಾಡುವಾಗ 737ರ ಥ್ರಸ್ಟ್ ಲಿವರ್ ತಾನೇ ಹಿಂದೆ ಮುಂದೆ ಹೋಗುತ್ತದೆ, ಎ320ರದು ಕದಲುವುದಿಲ್ಲ. ಕೈಗೆ ಏನೂ ಗೊತ್ತಾಗುವುದಿಲ್ಲ, ಕಣ್ಣಲ್ಲೇ ನೋಡಬೇಕು. ನನಗೆ ಇದು ರೂಢಿಯಾಗಲು ವಾರ ಹಿಡಿಯಿತು. ಆಮೇಲೆ ಖಾಲಿ ವಿಮಾನದಲ್ಲಿ ಟೇಕಾಫ್, ಲ್ಯಾಂಡಿಂಗ್. ಕೊನೆಗೆ ಪ್ರಯಾಣಿಕರ ಜೊತೆ, ಪಕ್ಕದಲ್ಲಿ ಟ್ರೈನಿಂಗ್ ಕ್ಯಾಪ್ಟನ್.

2023ರಲ್ಲಿ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟಾಗ ಊರಿನಿಂದ ಫೋನುಗಳೋ ಫೋನುಗಳು. ಆರ್ಡರ್ ಆದ ವಿಮಾನ ನಾಳೆಯೇ ಬಂದು ನಿಲ್ಲುವುದಿಲ್ಲ, ವರ್ಷಗಟ್ಟಲೆ ಒಂದೊಂದಾಗಿ ಬರುತ್ತದೆ. ಇದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ನಾನಂತೂ ಈಗ ಎಟಿಪಿಎಲ್‌ಗೆ (ಕ್ಯಾಪ್ಟನ್ ಆಗಲು ಇರಬೇಕಾದ ಲೈಸೆನ್ಸ್) ಬೇಕಾದ 1500 ಗಂಟೆ ಎಣಿಸುತ್ತಿದ್ದೇನೆ, ರಜೆಯಲ್ಲಿ ಅದರ ಪೇಪರ್ ಓದುತ್ತೇನೆ.

ಮೊನ್ನೆ ನಮ್ಮ ಬೀದಿಯ ಹುಡುಗ ಫೋನ್ ಮಾಡಿದ್ದ.

‘ಅಣ್ಣ, ಎ320 ಟೈಪ್ ಎಲ್ಲಿ ಕಡಿಮೆಗೆ ಆಗುತ್ತೆ?’

‘ಕ್ಲಾಸ್ ಒನ್ ಆಯ್ತಾ?’

‘ಅದೇನಣ್ಣ?’